ದೋಣಿ ತಿರುಗುವ ಜಾಗ ಮೊದಲು, ಹೋಗುವ ಊರು ಆಮೇಲೆ

ವಸಂತ ಬಂತು, ಇಂಗ್ಲೆಂಡಿನಲ್ಲಿರುವ ನಮ್ಮವರಲ್ಲೂ ಕೆಲವರು ಒಂದು ದಿನದ ಮಟ್ಟಿಗೆ ನ್ಯಾರೋಬೋಟ್ (ಕಾಲುವೆಯಲ್ಲಿ ಓಡುವ ಉದ್ದನೆಯ, ಕಿರಿದಾದ ದೋಣಿ) ಬಾಡಿಗೆಗೆ ಹಿಡಿಯೋಣ ಅಂತ ಲೆಕ್ಕ ಹಾಕುತ್ತಿರುತ್ತಾರೆ. ನಕ್ಷೆ ಬಿಡಿಸಿದ ತಕ್ಷಣ ‘ಎಲ್ಲೀತನಕ ಹೋಗಬಹುದು?’ ಅಂತ ಕೇಳುತ್ತಾರಲ್ಲ, ದಿನ ಕೆಡುವುದು ಅಲ್ಲೇ. ದೋಣಿ ಎಲ್ಲಿ ತಿರುಗುತ್ತದೆ ಅಂತ ಮೊದಲು ನೋಡಿ.

ಈ ದೋಣಿಯ ಅಗಲ ಬರೀ 6 ಅಡಿ 10 ಅಂಗುಲ, ಉದ್ದ ಮಾತ್ರ 57 ಅಡಿ, 60 ಅಡಿ, ಕೆಲವು 70. ಅಷ್ಟು ಉದ್ದದ್ದು ಕಾಲುವೆಗೆ ಅಡ್ಡಲಾಗಿ ನಿಲ್ಲುವುದೇ ಇಲ್ಲ. ಅದಕ್ಕೇ ಅಲ್ಲಲ್ಲಿ ದಡವನ್ನು ಒಳಕ್ಕೆ ಕೊರೆದು ‘ವಿಂಡಿಂಗ್ ಹೋಲ್’ ಮಾಡಿದ್ದಾರೆ. ಮೂತಿಯನ್ನು ಆ ಕೊರಕಲಿಗೆ ನಿಧಾನವಾಗಿ ಊರಿ, ಹಿಂಭಾಗವನ್ನು ಸುತ್ತಿಸಬೇಕು. ಹಿಂಭಾಗ ಆಳದ ಕಡೆಗೇ ಇರಲಿ, ಪ್ರೊಪೆಲ್ಲರ್ ಇರುವುದು ಅಲ್ಲಿ. ಬಾಡಿಗೆ ಸಮಯ 6 ಗಂಟೆ ಅಂದುಕೊಳ್ಳಿ. ಊಟಕ್ಕೆ ಒಂದು ಗಂಟೆ, ತಿರುಗಿಸಿ ಕಟ್ಟಿಬಿಚ್ಚಲು ಅರ್ಧ ಗಂಟೆ ಹೋಯಿತು. ಉಳಿದದ್ದರಲ್ಲಿ ಹೋಗುವುದಕ್ಕೆ ಎರಡು ಗಂಟೆ, ಅಂದರೆ ಹೆಚ್ಚೆಂದರೆ 5–6 ಮೈಲಿ. ದಾರಿಯಲ್ಲಿ ಲಾಕ್ (ನೀರು ತುಂಬಿಸಿ, ಇಳಿಸಿ ದೋಣಿಯನ್ನು ಮೇಲಕ್ಕೋ ಕೆಳಕ್ಕೋ ದಾಟಿಸುವ ಗೇಟುಗಳ ತೊಟ್ಟಿ) ಇದ್ದರೆ ಒಂದೊಂದಕ್ಕೂ ಕಾಲು ಗಂಟೆ ಕಳೆಯಿರಿ. ಬರುವಾಗ ಅದೇ ಲಾಕನ್ನು ಮತ್ತೆ ದಾಟಬೇಕು, ಅದನ್ನೇ ಎಲ್ಲರೂ ಮರೆಯುವುದು.

ನನ್ನ ಆಯ್ಕೆ ಆಕ್ಸ್‌ಫರ್ಡ್ ಕಾಲುವೆಯ ನೆತ್ತಿ, ಅಂದರೆ ಅದರ ಅತಿ ಎತ್ತರದ ಭಾಗ. ಮಾರ್ಸ್ಟನ್ ಡೋಲ್ಸ್‌ನಿಂದ ಕ್ಲೇಡನ್‌ವರೆಗೆ 11 ಮೈಲಿ, ಒಂದೂ ಲಾಕ್ ಇಲ್ಲ. ಹಕ್ಕಿ ಹಾರಿದರೆ ಇದರ ಅರ್ಧವೂ ಇಲ್ಲ. 18ನೇ ಶತಮಾನದಲ್ಲಿ ಗುಡ್ಡ ಕೊರೆಯುವ ಖರ್ಚು ತಪ್ಪಿಸಲು ಒಂದೇ ಮಟ್ಟದಲ್ಲಿ ಗುಡ್ಡ ಬಳಸಿ ತೋಡಿದ ಕಾಲುವೆ ಇದು. ವರ್ಮ್‌ಲೇಟನ್ ಹಳ್ಳಿಯನ್ನಂತೂ ಮೂರು ಕಡೆಯಿಂದ ಸುತ್ತುತ್ತದೆ, ಊರು ಒಮ್ಮೆ ಎಡಕ್ಕೆ ಕಂಡರೆ ಆಮೇಲೆ ಬೆನ್ನಿಗೆ. ನೀರು ಬಾಡಿಂಗ್ಟನ್, ಕ್ಲಾಟರ್‌ಕೋಟ್, ವರ್ಮ್‌ಲೇಟನ್ ಕೆರೆಗಳಿಂದ ಬರಬೇಕು. ನೆತ್ತಿಯಿಂದ ಒಂದು ದೋಣಿ ಇಳಿದರೆ ಸುಮಾರು ಲಕ್ಷ ಲೀಟರ್ ಕೆಳಗೆ ಹೋದಂತೆ. ಬೇಸಿಗೆ ಒಣಗಿದರೆ ಲಾಕ್‌ಗೆ ಬೀಗ ಬೀಳುವುದು ಅದಕ್ಕೇ, ವಸಂತದಲ್ಲಿ ಆ ಚಿಂತೆ ಕಡಿಮೆ.

ವೇಗದ ಮಿತಿ ಗಂಟೆಗೆ 4 ಮೈಲಿ. ನೀರಿನ ಆಳ ಮೂರು-ನಾಲ್ಕು ಅಡಿ, ದೋಣಿಯೇ ಎರಡು ಅಡಿ ಮುಳುಗಿರುತ್ತದೆ. ಥ್ರಾಟಲ್ ಜಾಸ್ತಿ ಕೊಟ್ಟರೆ ತಳದ ನೀರೆಲ್ಲ ಹಿಂದಕ್ಕೆ ಹೋಗಿ ಹಿಂಭಾಗ ಕೆಳಕ್ಕೆ ಕೂರುತ್ತದೆ. ಸದ್ದು ಹೆಚ್ಚಿತೇ ಹೊರತು ದೋಣಿ ಬೇಗ ಹೋಗುವುದಿಲ್ಲ. ಹಿಂತಿರುಗಿ ನೋಡಿ: ಅಲೆ ದಡಕ್ಕೆ ಬಡಿದು ಬೆಳ್ಳಗೆ ಒಡೆಯುತ್ತಿದ್ದರೆ ತಗ್ಗಿಸಿ. ಕಟ್ಟಿಹಾಕಿದ ದೋಣಿಗಳ ಪಕ್ಕ ಐಡ್ಲಿಂಗ್‌ನಲ್ಲೇ ಹೋಗಬೇಕು. ಏಪ್ರಿಲ್ ಮಣ್ಣು ಮೆತ್ತಗಿರುತ್ತದೆ, ನಿಮ್ಮ ಅಲೆಯ ಎಳೆತಕ್ಕೆ ಅವರ ಗೂಟ ಕಿತ್ತು ಬರುತ್ತದೆ. ಬೈಗುಳವೂ ಬರುತ್ತದೆ, ಇಂಗ್ಲಿಷರು ಬಾಯಿ ಬಿಡುವ ಕೆಲವೇ ಸಂದರ್ಭಗಳಲ್ಲಿ ಅದೊಂದು.

ಚುಕ್ಕಾಣಿ ತಿರುಗಿಸುವ ಹಿಡಿ, ಅಂದರೆ ಟಿಲ್ಲರನ್ನು ಎಡಕ್ಕೆ ತಳ್ಳಿದರೆ ಮೂತಿ ಬಲಕ್ಕೆ. ಇದು ಹತ್ತು ನಿಮಿಷದಲ್ಲಿ ಕೈಗೆ ಹತ್ತುತ್ತದೆ. ಹತ್ತದಿರುವುದು ಇನ್ನೊಂದು: ಪ್ರೊಪೆಲ್ಲರ್ ನೀರು ತಳ್ಳಿದರೆ ಮಾತ್ರ ಚುಕ್ಕಾಣಿ ಮಾತು ಕೇಳುತ್ತದೆ. ಗಾಬರಿಯಾಗಿ ನ್ಯೂಟ್ರಲ್‌ಗೆ ಹಾಕಿದರೆ 15 ಟನ್ ಕಬ್ಬಿಣ ತನ್ನಿಷ್ಟಕ್ಕೆ ಹೊರಟಿತು, ರಿವರ್ಸ್‌ನಲ್ಲಂತೂ ತಿರುಗಿಸುವ ಆಸೆಯೇ ಬೇಡ. ಎದುರು ದೋಣಿ ಬಂದರೆ ನೀವು ಬಲಕ್ಕೆ, ಆದರೆ ತೀರಾ ಬೇಗ ಅಂಚಿಗೆ ಸರಿಯಬೇಡಿ, ಅಂಚಿನಲ್ಲಿ ಹೂಳು.

ಇಂಜಿನ್ ಏದುಸಿರು ಬಿಟ್ಟು ಟಿಲ್ಲರ್ ನಡುಗಿದರೆ ಪ್ರೊಪೆಲ್ಲರ್‌ಗೆ ಏನೋ ಸುತ್ತಿಕೊಂಡಿದೆ. ಮೊದಲು ಒಂದು ಕ್ಷಣ ರಿವರ್ಸ್ ಕೊಟ್ಟು ನೋಡಿ. ಬಿಡದಿದ್ದರೆ ಇಂಜಿನ್ ಆಫ್, ಕೀಲಿ ಜೇಬಿಗೆ, ಆಮೇಲೆ ವೀಡ್ ಹ್ಯಾಚ್ (ಪ್ರೊಪೆಲ್ಲರ್ ಮೇಲಿರುವ ಕಿಂಡಿ) ಮುಚ್ಚಳ ಬಿಚ್ಚಿ ಕೈ ಇಳಿಸಿ. ಬಾಡಿಗೆ ದೋಣಿಯಾದರೆ ಮಾಲೀಕರಿಗೆ ಫೋನ್ ಮಾಡಿಯೇ ಮುಟ್ಟಿ. ಪ್ಲಾಸ್ಟಿಕ್ ಚೀಲ, ಹಗ್ಗ, ಹಳೇ ಬಟ್ಟೆ, ಏನಾದರೂ ಸಿಗುತ್ತದೆ. ಹಲ್ಲಿರುವ ಬ್ರೆಡ್ ಚಾಕು ಇದಕ್ಕೆ ಸರಿ. ಮುಚ್ಚಳವನ್ನು ಮತ್ತೆ ಬಿಗಿಯಾಗಿ ಕೂರಿಸದೆ ಹೊರಟರೆ ಪ್ರೊಪೆಲ್ಲರೇ ಇಂಜಿನ್ ಕೋಣೆಗೆ ನೀರು ತುಂಬಿಸುತ್ತದೆ. ಹೀಗೆ ದೋಣಿಗಳು ಮುಳುಗಿವೆ.

ಲಾಕ್ ನೋಡುವ ಆಸೆಯಿದ್ದರೆ ಕ್ಲೇಡನ್‌ನ ಮೊದಲ ಲಾಕ್‌ಗಿಂತ ಮೇಲೆಯೇ ದೋಣಿ ಕಟ್ಟಿ, ವಿಂಡ್ಲಾಸ್ ಹಿಡಿದು ನಡೆದು ಹೋಗಿ, ಬೇರೆಯವರನ್ನು ಕೇಳಿ ಕೈಜೋಡಿಸಿ. ವಿಂಡ್ಲಾಸ್ ಅಂದರೆ ತೂಬು ಎತ್ತುವ ಹಿಡಿ. ಅದನ್ನು ತೂಬಿನ ಕಡ್ಡಿಯ ಮೇಲೇ ಬಿಟ್ಟು ಬಂದರೆ ತೂಬನ್ನು ತಡೆದಿರುವ ಹಲ್ಲು ಜಾರಿದಾಗ ಗಿರ್ರನೆ ತಿರುಗಿ ಹಾರುತ್ತದೆ, ಮುಖಕ್ಕೆ ಬಡಿದರೆ ಆಸ್ಪತ್ರೆಯೇ ಗತಿ. ದೋಣಿ ಇಳಿಯುವಾಗ ಅದರ ಹಿಂಭಾಗ ದಡದ ಮೇಲಿನ ಬಿಳಿ ಗೆರೆ ದಾಟಿ ಮುಂದಿರಬೇಕು. ಮೇಲಿನ ಗೇಟಿನ ಬುಡದಲ್ಲಿ ‘ಸಿಲ್’ ಅನ್ನುವ ಕಟ್ಟೆ ಇದೆ, ನೀರು ಇಳಿದಂತೆ ಹಿಂಭಾಗ ಅದರ ಮೇಲೆ ಕೂತರೆ ಮೂತಿ ಕೆಳಕ್ಕೆ ನೇತಾಡುತ್ತದೆ. ಕಂಡ ಕೂಡಲೇ ಕೆಳಗಿನ ತೂಬುಗಳನ್ನು ಮುಚ್ಚಿ, ಆಮೇಲೆ ಮೇಲಿನವನ್ನು ನಿಧಾನವಾಗಿ ತೆಗೆದು ನೀರು ತುಂಬಿಸಬೇಕು.

ಊಟಕ್ಕೆ ನಿಲ್ಲುವಾಗ ದಡಕ್ಕೆ ಹಾರಬೇಡಿ, ದೋಣಿ ತಾಗಿದ ಮೇಲೆ ಹಗ್ಗ ಹಿಡಿದು ಇಳಿಯಿರಿ. ಗೂಟ ಹೊಡೆಯುವುದು ನಡೆಯುವ ದಾರಿಗೆ ಅಡ್ಡ ಬೇಡ, ನೀರಿನ ಅಂಚಿಗೆ ಇರಲಿ. ಮುಂದಿನ ಹಗ್ಗ ಓರೆಯಾಗಿ ಮುಂದಕ್ಕೆ, ಹಿಂದಿನದು ಓರೆಯಾಗಿ ಹಿಂದಕ್ಕೆ ಎಳೆದಿರಲಿ. ನೇರ ಅಡ್ಡಕ್ಕೆ ಕಟ್ಟಿದರೆ ಹಾದುಹೋಗುವ ಮೊದಲ ದೋಣಿಗೇ ಒಳಗೆ ಟೇಬಲ್ ಮೇಲಿನ ಟೀ ಚೆಲ್ಲುತ್ತದೆ.