ಲೈಟ್ ಆರಿಸೋಕೂ ಪಾಸ್‌ವರ್ಡ್ ಬೇಕಾ?

ಮೊನ್ನೆ ರಾತ್ರಿ ಎರಡು ಗಂಟೆಗೆ ಕರೆಂಟ್ ಹೋಗಿ ಬಂತು. ಬಂದದ್ದೇ ತಡ, ಮಲಗುವ ಕೋಣೆಯ ಸ್ಮಾರ್ಟ್ ಬಲ್ಬ್ ಧಗ್ಗನೆ ಹತ್ತಿಕೊಂಡಿತು. ನಾವೇ ಸೆಟ್ಟಿಂಗ್ ಬದಲಿಸದಿದ್ದರೆ ಇಂಥ ಎಷ್ಟೋ ಬಲ್ಬುಗಳು ಹೀಗೇ ಮಾಡುತ್ತವೆ. ಫೋನ್ ತೆಗೆದು ಆರಿಸೋಣ ಅಂದರೆ ರೂಟರ್ ಇನ್ನೂ ಎದ್ದಿರಲಿಲ್ಲ. ‘ಡಿವೈಸ್ ಆಫ್‌ಲೈನ್’ ಅಂತ ಆ್ಯಪ್ ಹೇಳಿತು. ಕಣ್ಣು ಕುಕ್ಕುವ ಬಲ್ಬಿನ ಕೆಳಗೇ ಕೂತು ಅದನ್ನು ಓದಿದೆ. ಆಮೇಲೆ ಇಂಟರ್ನೆಟ್ ಬಂತು, ಆ್ಯಪ್ ಲಾಗಿನ್ ಕೇಳಿತು. ಆ ಹೊತ್ತಲ್ಲಿ ಪಾಸ್‌ವರ್ಡ್ ಯಾರಿಗೆ ನೆನಪಿರುತ್ತೆ? ಕೊನೆಗೆ ಎದ್ದು ಹೋಗಿ ಗೋಡೆಯ ಸ್ವಿಚ್ ಒತ್ತಿದೆ. ಪಾಪ, ಅದು ಏನೂ ಕೇಳಲಿಲ್ಲ.

ನಾನೂ ಬಲ್ಬೂ ಒಂದೇ ಕೋಣೆಯಲ್ಲಿದ್ದೇವೆ. ಆದರೂ ‘ಆಫ್’ ಅನ್ನುವ ನನ್ನ ಮಾತು ಎಲ್ಲೋ ದೂರದ ಸರ್ವರ್‌ಗೆ ಹೋಗಿ, ಅಪ್ಪಣೆ ಪಡೆದು, ವಾಪಸ್ ಬರಬೇಕು. ಆ ಸರ್ವರ್ ಮಲಗಿದರೆ ಮನೆಯೂ ಮಲಗಿತು. 2025ರ ಅಕ್ಟೋಬರ್ 20ರಂದು ಅಮೆಜಾನ್ ಕ್ಲೌಡ್ ಕೈಕೊಟ್ಟಾಗ ಅಲೆಕ್ಸಾ ಮೂಕವಾಯಿತು, ರಿಂಗ್ ಕ್ಯಾಮೆರಾಗಳು ಕುರುಡಾದವು. ಎಯ್ಟ್ ಸ್ಲೀಪ್ ಕಂಪನಿಯ ಸ್ಮಾರ್ಟ್ ಹಾಸಿಗೆ ಕೊಂಡ ಕೆಲವರಿಗೆ ಅದರ ಬಿಸಿ ಇಳಿಸೋಕೂ ಆಗಲಿಲ್ಲ. ಹಾಸಿಗೆಗೂ ಇಂಟರ್ನೆಟ್ ಬೇಕು ಅಂತ ಯೋಚಿಸಿದ ಪುಣ್ಯಾತ್ಮ ಯಾರೋ!

ಕೆಲವು ಗಂಟೆಯ ತೊಂದರೆಯನ್ನಾದರೂ ಸಹಿಸಬಹುದು. ಕಂಪನಿಯೇ ಅಂಗಡಿ ಮುಚ್ಚಿದರೆ? ರಿವಾಲ್ವ್ ಅಂತ ಒಂದು ಹಬ್, ಅಂದರೆ ಮನೆಯ ಸ್ಮಾರ್ಟ್ ಸಾಧನಗಳನ್ನೆಲ್ಲ ಒಂದೆಡೆ ಜೋಡಿಸುವ ಪೆಟ್ಟಿಗೆ ಇತ್ತು, ಬೆಲೆ ಸುಮಾರು 300 ಡಾಲರ್. 2014ರಲ್ಲಿ ಆ ಕಂಪನಿಯನ್ನು ಗೂಗಲ್ ಒಡೆತನದ ನೆಸ್ಟ್ ಕೊಂಡುಕೊಂಡಿತು. 2016ರ ಮೇ ತಿಂಗಳಲ್ಲಿ ಸರ್ವರ್ ನಿಲ್ಲಿಸಿತು. ಹಬ್ ಕೆಟ್ಟಿರಲಿಲ್ಲ, ಆದರೆ ಸತ್ತಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಅನ್ನುವ ಸ್ಮಾರ್ಟ್ ಮನೆ ಕಂಪನಿ ಒಂದು ಮಾತೂ ಹೇಳದೆ ಸರ್ವರ್ ಆರಿಸಿಬಿಟ್ಟಿತು. ಅದರ ಬಳಕೆದಾರರೇ ಕೆಲವರು ಸೇರಿ ಕಂಪನಿಯನ್ನು ಕೊಂಡು ಮತ್ತೆ ಎಬ್ಬಿಸಿದರು. ಬಲ್ಬ್ ಉರಿಸೋಕೆ ಕಂಪನಿಯನ್ನೇ ಕೊಳ್ಳೋದು ಎಲ್ಲರ ಕೈಲೂ ಆಗೋ ಮಾತಲ್ಲ, ಅಲ್ವಾ?

ಹಾಗಂತ ನಾನು ಸ್ಮಾರ್ಟ್ ಮನೆಯ ವಿರೋಧಿಯಲ್ಲ. ಕತ್ತಲಲ್ಲಿ ಕಾಲಿಟ್ಟರೆ ತಾನೇ ಹತ್ತುವ ಪ್ಯಾಸೇಜ್ ಲೈಟ್ ನನಗೆ ಬಹಳ ಇಷ್ಟ. ಅದು ಜಿಗ್‌ಬೀ ಅನ್ನುವ, ಇಂಟರ್ನೆಟ್ ಬೇಡದ ವೈರ್‌ಲೆಸ್ ವ್ಯವಸ್ಥೆಯಲ್ಲಿ ನಡೆಯುತ್ತದೆ. ಸೆನ್ಸರ್, ಹಬ್, ಬಲ್ಬ್ ಮೂರೂ ಮನೆಯೊಳಗೇ ಮಾತಾಡಿಕೊಳ್ಳುತ್ತವೆ, ಹೊರಗಿನವರ ಹಂಗಿಲ್ಲ. 2022ರಲ್ಲಿ ಬಂದ ‘ಮ್ಯಾಟರ್’, ಅಂದರೆ ಬೇರೆ ಬೇರೆ ಕಂಪನಿಗಳ ಸ್ಮಾರ್ಟ್ ಸಾಧನಗಳಿಗೆ ಇರುವ ಸಾಮಾನ್ಯ ಮಾನದಂಡವೂ ಇದೇ ದಾರಿಯದ್ದು. ಒಂದು ಕಂಪನಿಯ ಬಲ್ಬನ್ನು ಇನ್ನೊಂದು ಕಂಪನಿಯ ಆ್ಯಪ್‌ನಿಂದ ನಡೆಸಬಹುದು, ಅದೂ ಮನೆಯ ನೆಟ್‌ವರ್ಕ್‌ನಲ್ಲೇ. ಆದರೆ ಡಬ್ಬಿಯ ಮೇಲೆ ಮ್ಯಾಟರ್ ಗುರುತಿದೆ ಅಂತ ಪೂರ್ತಿ ನಂಬಬೇಡಿ. ಆನ್, ಆಫ್, ಬೆಳಕು ಹೆಚ್ಚು ಕಡಿಮೆ ಮಾಡೋದು ಎಲ್ಲ ಕಡೆ ನಡೆಯುತ್ತೆ. ಚೆಂದದ ಎಫೆಕ್ಟುಗಳನ್ನು ಎಷ್ಟೋ ಸಲ ಕಂಪನಿ ತನ್ನ ಆ್ಯಪ್‌ನಲ್ಲೇ ಕಟ್ಟಿಹಾಕಿಕೊಂಡಿರುತ್ತದೆ.

ಈ ಭಾನುವಾರ ಒಂದು ಕೆಲಸ ಮಾಡಿದೆ. ರೂಟರ್ ಆನ್ ಇರುವಾಗಲೇ ಇಂಟರ್ನೆಟ್ ಕೇಬಲ್ ಮಾತ್ರ ಕಿತ್ತು, ಮನೆಯ ಒಂದೊಂದೇ ಸಾಧನವನ್ನು ಮುಟ್ಟಿ ನೋಡಿದೆ. ಏಳರಲ್ಲಿ ಮೂರು ಮಾತ್ರ ಮಾತು ಕೇಳಿದವು. ವೋಲ್ಟೇಜ್, ವಾರಂಟಿ ಎಲ್ಲ ಬರೆಯುವ ಡಬ್ಬಿಯ ಮೇಲೆ ‘ಇಂಟರ್ನೆಟ್ ಇಲ್ಲದೆ ಏನೇನು ನಡೆಯುತ್ತೆ, ಸರ್ವರ್ ಎಲ್ಲಿಯವರೆಗೆ ಇರುತ್ತೆ’ ಅಂತ ಎರಡು ಸಾಲು ಬರೆಯೋಕೆ ಏನು ಕಷ್ಟ?

ಅಂದಹಾಗೆ, ಆ ಬಲ್ಬನ್ನು ಸ್ಟೋರ್ ರೂಮಿಗೆ ಹಾಕಿದ್ದೇನೆ. ಅಲ್ಲಿ ರಾತ್ರಿ ಎರಡಕ್ಕೆ ಹತ್ತಿಕೊಂಡರೂ ಯಾರಿಗೂ ಎಚ್ಚರ ಆಗಲ್ಲ.