ಗಾಳಿ ಬಯಲಿನ ಮನೆಗೆ ಗೋಡೆ ಬೇಡ, ಜಾಲರಿ ಬೇಲಿ ಸಾಕೇ?

ಪರ: ತಡೆಯಬೇಡಿ, ಸೋಸಿ

ಕಲಬುರಗಿಯ ರಿಂಗ್ ರೋಡ್ ದಾಟಿ ಸೇಡಂ ರಸ್ತೆ, ಆಳಂದ ರಸ್ತೆ, ಜೇವರ್ಗಿ ರಸ್ತೆಯ ಕಡೆ ಹೋದರೆ ಹೊಸ ಬಡಾವಣೆಗಳಲ್ಲಿ ಮನೆಗಿಂತ ಮೊದಲು ಏಳುವುದು ಕಾಂಪೌಂಡ್ ಗೋಡೆ. ಮೊದಲು ವಾಲುವುದೂ ಅದೇ. ಸುತ್ತ ಮರವಿಲ್ಲ, ಗಾಳಿಗೆ ಅಡ್ಡವಾಗಿ ಇನ್ನೊಂದು ಮನೆಯಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹಗಲೆಲ್ಲ ಕಾದ ನೆಲದ ಮೇಲೆ ಸಂಜೆ ಮೋಡ ಕಟ್ಟಿ ಒಮ್ಮೆಲೆ ನುಗ್ಗುವ ಬಿರುಗಾಳಿ ಒಂದು. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣದಿಂದ ಬಿಡದೆ ಬೀಸುವ ಮುಂಗಾರು ಗಾಳಿ ಇನ್ನೊಂದು. ಇವೆರಡಕ್ಕೂ ಎದೆಯೊಡ್ಡಿ ನಿಲ್ಲಲಿ ಎಂದು ನಾವು ಕಟ್ಟುವುದು ನಾಲ್ಕೂವರೆ ಇಂಚಿನ ಇಟ್ಟಿಗೆಯ ಪಟ್ಟಿ.

ಲೆಕ್ಕ ಹಾಕಿ ನೋಡೋಣ. ಗಾಳಿಯ ವೇಗವನ್ನು ಸೆಕೆಂಡಿಗೆ ಎಷ್ಟು ಮೀಟರ್ ಎಂದು ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಬೀಳುವ ಒತ್ತಡ ನ್ಯೂಟನ್ನಿನಲ್ಲಿ ಸಿಗುತ್ತದೆ. ಗಂಟೆಗೆ 72 ಕಿ.ಮೀ. ಅಂದರೆ ಸೆಕೆಂಡಿಗೆ 20 ಮೀಟರ್; ಒತ್ತಡ 240 ನ್ಯೂಟನ್, ಸುಮಾರು 24 ಕಿಲೋ ತೂಕ. ಐದಡಿ ಎತ್ತರ, ಹತ್ತಡಿ ಉದ್ದದ ಗೋಡೆಯ ಒಂದು ಅಂಕಣದ ಮೇಲೆ, ಬಿಡಿಯಾಗಿ ನಿಂತ ಗೋಡೆಗೆ ಸೇರಿಸಬೇಕಾದ ಹೆಚ್ಚುವರಿಯನ್ನೂ ಸೇರಿಸಿ, 130 ಕಿಲೋ. ಅಷ್ಟೂ ಭಾರ ಪಕ್ಕದಿಂದ ದೂಡುತ್ತಿರುತ್ತದೆ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಪಿಲ್ಲರ್ ಇಲ್ಲದ ನಾಲ್ಕೂವರೆ ಇಂಚಿನ ಗೋಡೆ ಬರೀ ತನ್ನ ತೂಕದಿಂದ ತಡೆಯಬಲ್ಲದ್ದು ಈ 72 ಕಿ.ಮೀ. ಗಾಳಿಯ ಒತ್ತಡದ ಐದರಲ್ಲಿ ಮೂರು ಪಾಲನ್ನು ಮಾತ್ರ. ಮಿಕ್ಕಿದ್ದು ಗಾರೆಯ ಅಂಟು. ಆ ಗಾರೆ ಮೇ ತಿಂಗಳ ಬಿಸಿಲಲ್ಲಿ ನೀರು ಕಾಣದೆ ಒಣಗಿದ್ದಾದರೆ ಅಂಟೂ ಇಲ್ಲ.

ಹತ್ತು ಗೇಜಿನ, ಎರಡು ಇಂಚು ಕಣ್ಣಿನ ಚೈನ್‌ಲಿಂಕ್ ಜಾಲರಿಯಲ್ಲಿ ನೂರಕ್ಕೆ ಹದಿಮೂರು ಭಾಗ ತಂತಿ, ಮಿಕ್ಕಿದ್ದೆಲ್ಲ ಖಾಲಿ. ಗಾಳಿ ಬಂದ ಹಾಗೆ ಹೋಗುತ್ತದೆ. ಗೋಡೆ ಗಾಳಿಯನ್ನು ನಿಲ್ಲಿಸುತ್ತದೆ ಎನ್ನುವುದೂ ಅರ್ಧ ಮಾತು. ಗೋಡೆಗೆ ಬಡಿದ ಗಾಳಿ ಮೇಲೆ ಹತ್ತಿ, ಆಚೆ ಸುಳಿಯಾಗಿ ಅಂಗಳಕ್ಕೇ ಇಳಿಯುತ್ತದೆ. ಕಾಂಪೌಂಡ್ ಒಳಗಿನ ಮೂಲೆಯಲ್ಲಿ ಧೂಳು, ತೊಗರಿ ಹೊಟ್ಟು, ಪ್ಲಾಸ್ಟಿಕ್ ಚೀಲ ಗುಡ್ಡೆ ಬಿದ್ದಿರುವುದನ್ನು ಬೆಳಗ್ಗೆ ಕಸ ಗುಡಿಸುವವರನ್ನೇ ಕೇಳಿ. ಅರ್ಧ ತೆರೆದ, ಅರ್ಧ ಮುಚ್ಚಿದ ಅಡ್ಡ ಇದ್ದರೆ ಸುಳಿ ಏಳುವುದಿಲ್ಲ, ಅದರ ಎತ್ತರದ ಹತ್ತು ಪಟ್ಟು ದೂರದವರೆಗೂ ಗಾಳಿ ಮೆತ್ತಗಾಗುತ್ತದೆ. ಹೊಲದ ಬದುವಿಗೆ ಗಿಡದ ಸಾಲು ಹಚ್ಚುವುದು ಇದಕ್ಕೇ. ಜಾಲರಿಯ ಒಳಗಡೆ ಒಂದೂವರೆ ಅಡಿ ಬಿಟ್ಟು ಮದರಂಗಿ ಸಾಲು ಹಚ್ಚಿ: ಬಿಸಿಲು ತಾಳುವ ಗಿಡ, ಕತ್ತರಿಸಿದಷ್ಟೂ ದಟ್ಟವಾಗುತ್ತದೆ. ಮರೆ ಇಲ್ಲ, ಮರ್ಯಾದೆ ಇಲ್ಲ ಎಂದು ಗೋಳಾಡುವವರಿಗೆ ಇಷ್ಟು ಸಾಕು. ಮನೆಯೊಳಗಿನದು ಮುಚ್ಚಿಡಲು ಕಿಟಕಿಗೆ ಪರದೆ ಇದೆಯಲ್ಲ.

ಗಾಳಿಗಿಂತ ದೊಡ್ಡ ಶತ್ರು ಕಾಲ ಕೆಳಗಿದೆ. ಎರಿ ಭೂಮಿ, ಅಂದರೆ ಕಪ್ಪು ಮಣ್ಣಿನ ನೆಲ, ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಈ ಉಸಿರಾಟ ಹತ್ತು ಹನ್ನೆರಡು ಅಡಿ ಆಳದವರೆಗೂ ಇರುತ್ತದೆ. ಎರಡಡಿ ಬುನಾದಿಯ ಗೋಡೆ ಈ ಉಸಿರಾಟದ ಮೇಲೆಯೇ ಕೂತಿರುತ್ತದೆ. ಒಂದು ತುದಿ ಅರ್ಧ ಇಂಚು ಎದ್ದು ಇನ್ನೊಂದು ತುದಿ ಕುಸಿದರೆ ಗೋಡೆ ಮೆಟ್ಟಿಲು ಮೆಟ್ಟಿಲಾಗಿ ಸೀಳುತ್ತದೆ. ಬೇಲಿಯ ಕಂಬ ಅರ್ಧ ಇಂಚು ಸರಿದರೆ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾದರೆ ಟರ್ನ್‌ಬಕಲ್ (ತಂತಿ ಬಿಗಿಯುವ ತಿರುಪು) ಎರಡು ಸುತ್ತು ತಿರುಗಿಸಿದರಾಯಿತು.

ಈಗ ಕೆಲಸದ ಮಾತು. 30×40 ಸೈಟಿನ ಸುತ್ತಳತೆ 140 ಅಡಿ; ಹನ್ನೆರಡು ಅಡಿ ಗೇಟ್ ಕಳೆದರೆ 128. ಐವತ್ತು ಅಡಿಯ ಮೂರು ಸುರುಳಿ ಜಾಲರಿ ಸಾಕು. ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ: 10 ಗೇಜ್ ಅಂದರೆ 3.25 ಮಿ.ಮೀ., 12 ಗೇಜ್ ಅಂದರೆ 2.64. ಅಂಗಡಿಯಲ್ಲಿ ಹತ್ತು ಎಂದು ಹನ್ನೆರಡನ್ನು ಕಟ್ಟಿಕೊಡುವುದು ಹೊಸದೇನಲ್ಲ. ದಪ್ಪ ಅಳೆಯುವ ವರ್ನಿಯರ್ ಇಲ್ಲದಿದ್ದರೆ ತೂಗಿಸಿ. ಎರಡು ಇಂಚು ಕಣ್ಣು, ಐದಡಿ ಎತ್ತರ, ಐವತ್ತಡಿ ಉದ್ದದ ಸುರುಳಿ ಹತ್ತು ಗೇಜಿನದಾದರೆ 65 ಕಿಲೋ ಆಸುಪಾಸು ತೂಗಬೇಕು. 45ಕ್ಕೆ ನಿಂತರೆ ಅದು ಹನ್ನೆರಡೇ.

ಕಂಬ ಎಂಟಡಿಗೊಂದು. ಗೇಟಿನ ಎರಡು ಪಿಲ್ಲರ್ ಬಿಟ್ಟು ಹದಿನೈದು ಬೇಕು. ಯಾದಗಿರಿ, ಶಹಾಪುರ ಕಡೆ ಗ್ರಾನೈಟ್ ಕಂಬ ಸಿಗುತ್ತದೆ, ಅದಕ್ಕೆ ತುಕ್ಕಿನ ಚಿಂತೆಯಿಲ್ಲ. ಉಳಿದ ಕಡೆ ನಾಲ್ಕಿಂಚು ಚೌಕದ ಆರ್‌ಸಿಸಿ ಕಂಬ, ಏಳೂವರೆ ಅಡಿ ಉದ್ದದ್ದು. ಎರಡೂವರೆ ಅಡಿ ನೆಲದೊಳಗೆ. ಗುಂಡಿ ಒಂದಡಿ ಅಗಲ, ತಳದಲ್ಲಿ ಇನ್ನೂ ಮೂರಿಂಚು ಹೆಚ್ಚು. ಎಲ್ಲರೂ ಮಾಡುವ ತಪ್ಪು ಇದರ ತಿರುವುಮುರುವು: ಬಾಯಿ ಅಗಲ, ತಳ ಕಿರಿದು, ಮೇಲೆ ಕಾಂಕ್ರೀಟಿನ ಕೊಡೆ. ಎರಿ ಮಣ್ಣು ಉಬ್ಬಿದಾಗ ಆ ಕೊಡೆಯನ್ನು ಕೆಳಗಿನಿಂದ ಹಿಡಿದು ಎತ್ತುತ್ತದೆ. ನಾಲ್ಕೈದು ಮಳೆಗಾಲದಲ್ಲಿ ಕಂಬ ಹಲ್ಲು ಅಲುಗಾಡಿದ ಹಾಗೆ ಅಲುಗುತ್ತದೆ. ಕಾಂಕ್ರೀಟನ್ನು ನೆಲಮಟ್ಟಕ್ಕಿಂತ ನಾಲ್ಕಿಂಚು ಕೆಳಗೇ ನಿಲ್ಲಿಸಿ, ಮೇಲೆ ಮುರುಮ್ (ಗರಸು ಮಣ್ಣು) ತುಂಬಿ ನೀರು ಬಿಟ್ಟು ಕುಟ್ಟಿ. 1:2:4ರ (ಸಿಮೆಂಟು, ಮರಳು, ಜಲ್ಲಿಯ ಪಾಲು) ಕಾಂಕ್ರೀಟು, ಕಂಬಕ್ಕೂ ಆಸರೆಗೂ ಸೇರಿ ಆರೇಳು ಚೀಲ ಸಿಮೆಂಟು.

ಮೂಲೆ ಕಂಬಕ್ಕೆ ಎರಡು ದಿಕ್ಕಿಗೂ ಆಸರೆ ಕಂಬ ಕೊಡದೆ ಜಾಲರಿ ಎಳೆಯಬೇಡಿ. ಕಾಂಕ್ರೀಟಿಗೆ ವಾರ ಹತ್ತು ದಿನ ಗೋಣಿಚೀಲ ಸುತ್ತಿ ನೀರು ಉಣಿಸಿದ ಮೇಲೆಯೇ ಎಳೆತ. ಮೇಲೆ, ನಡುವೆ, ಕೆಳಗೆ ಮೂರು ಸಾಲು ಜಿಐ (ಸತು ಲೇಪದ) ತಂತಿಯನ್ನು ಮೊದಲು ಬಿಗಿಯಿರಿ. ಜಾಲರಿಯ ಕೊನೆಯ ಕಣ್ಣುಗಳಲ್ಲಿ ಹತ್ತು ಮಿ.ಮೀ. ರಾಡ್ ಪೋಣಿಸಿ ಅದನ್ನು ಕಂಬಕ್ಕೆ ಕಟ್ಟಿ. ಬರೀ ಜಾಲರಿಯ ಅಂಚನ್ನು ಕಟ್ಟಿದರೆ ಕಟ್ಟಿದ ನಾಲ್ಕು ಕಣ್ಣಷ್ಟೇ ಎಳೆತ ಹೊತ್ತು ಹರಿಯುತ್ತವೆ. ಒಂದಡಿಗೊಂದು ಕಟ್ಟು. ತಂತಿ ಬಿಸಿಲಿಗೆ ಹಿಗ್ಗುತ್ತದೆ: ಐವತ್ತಡಿಗೆ ಚಳಿಗಾಲದ ಬೆಳಗಿಗೂ ಮೇ ಮಧ್ಯಾಹ್ನಕ್ಕೂ ಏಳೆಂಟು ಮಿ.ಮೀ. ವ್ಯತ್ಯಾಸ. ಟರ್ನ್‌ಬಕಲ್ಲಿನ ಅರ್ಧ ಎಳೆ ಉಳಿಸಿಕೊಂಡೇ ಬಿಗಿಯಿರಿ. ಕೆಳಗಂಚು ಮಣ್ಣಿಗೆ ತಾಗಿದರೆ ತುಕ್ಕು, ಎತ್ತಿದರೆ ಹಂದಿ. ಶಹಾಬಾದ್ ಪರಸಿಯ ತುಂಡುಗಳನ್ನು ಸಾಲಾಗಿ ಅರ್ಧ ಅಡಿ ನೆಲದೊಳಗೆ, ನಾಲ್ಕಿಂಚು ಹೊರಗೆ ನಿಲ್ಲಿಸಿದರೆ ಎರಡೂ ತೀರುತ್ತದೆ.

ಒಂದು ಎಚ್ಚರಿಕೆ. ಇಷ್ಟೆಲ್ಲ ಮಾಡಿ ಮುಗಿದ ಮೇಲೆ ಮರೆಗೆಂದು ಹಸಿರು ಶೇಡ್‌ನೆಟ್ ಕಟ್ಟುತ್ತಾರೆ, ಅದೂ ನೂರಕ್ಕೆ ತೊಂಬತ್ತು ಭಾಗ ಬಿಸಿಲು ತಡೆಯುವ ತೊಂಬತ್ತರದು. ಆ ಗಳಿಗೆಯಿಂದ ಅದು ಬೇಲಿಯಲ್ಲ, ಹಾಯಿ. ಮುಂದಿನ ಬಿರುಗಾಳಿಗೆ ಕಂಬ ವಾಲಿದರೆ ಬೈಗುಳ ಜಾಲರಿಗೆ. ನೆಟ್ ಕಟ್ಟಲೇಬೇಕಿದ್ದರೆ ಐವತ್ತರದನ್ನು ಕಟ್ಟಿ, ಅದೂ ಕೆಳಗಿನ ಮೂರಡಿಗೆ, ಹತ್ತಿ ದಾರದಲ್ಲಿ. ಜೋರು ಗಾಳಿಗೆ ದಾರ ಹರಿಯಲಿ, ಕಂಬ ಉಳಿಯಲಿ.

ವಿರೋಧ: ಗೋಡೆ ಸರಿಯಾಗಿ ಕಟ್ಟಿದರೆ

ಗೋಡೆಯ ಪಾಳಿ ಇಲ್ಲಿ ಬಂದಿದೆ, ಅದಕ್ಕೆ ತಕ್ಕಂತೆ ವಾದ. ಇಡೀ ಎರಿ ಭೂಮಿಯಲ್ಲಿ ಎಲ್ಲರೂ ಗೋಡೆಯನ್ನೇ ಕಟ್ಟಬೇಕೆಂದು ಹಟ ಹಿಡಿಯುವ ಮಾತಲ್ಲ. ಆದರೆ ಮೇಲಿನ ಬರಹ ಓದಿದರೆ ಜನ ಇಷ್ಟು ವರ್ಷ ಬುದ್ಧಿಯಿಲ್ಲದೆ ಗೋಡೆ ಕಟ್ಟಿಕೊಂಡು ಬಂದರು ಎಂಬ ಭಾವನೆ ಬರುತ್ತದೆ. ಗಾಳಿಗೆ ಗೋಡೆ ಬೀಳುವುದಾದರೆ, 1347ರಲ್ಲಿ ಬಹಮನಿಗಳು ರಾಜಧಾನಿ ಮಾಡಿಕೊಂಡ ಕಲಬುರಗಿಯಲ್ಲಿ ಕೋಟೆ ಗೋಡೆ ಇನ್ನೂ ಹೇಗೆ ನಿಂತಿದೆ? (ಅದರ ದಪ್ಪ ಅಡಿಗಳಲ್ಲಿದೆ, ನಿಜ.)

ಮನೆ ಎಂದರೆ ಹೊಲವಲ್ಲ. ಅಂಗಳದಲ್ಲಿ ಪಾತ್ರೆ ತೊಳೆಯುತ್ತಾರೆ, ಬಟ್ಟೆ ಒಣಹಾಕುತ್ತಾರೆ, ಬೇಸಿಗೆ ರಾತ್ರಿ ಹೊರಗೆ ಹೊರಸು ಹಾಕಿ ಮಲಗುತ್ತಾರೆ. ಎರಡಿಂಚು ಕಣ್ಣಿನ ಜಾಲರಿಯ ಹಿಂದೆ ಹೊರಸು ಹಾಕಿ ಮಲಗಿ ಎಂದು ಮನೆಯ ಹಿರಿಯರಿಗೆ ಯಾರು ಹೇಳುತ್ತೀರಿ? ಮದರಂಗಿ ಬೆಳೆದು ಮರೆಯಾಗುವ ಹೊತ್ತಿಗೆ ಎರಡು ಮೂರು ಬೇಸಿಗೆ ಕಳೆದಿರುತ್ತದೆ, ಅಷ್ಟೂ ದಿನ ಟ್ಯಾಂಕರ್ ನೀರು ಕುಡಿದಿರುತ್ತದೆ. ಕೈಗೊಂದು ಕಟಿಂಗ್ ಪ್ಲೈಯರ್ ಇದ್ದರೆ ಜಾಲರಿಯಲ್ಲಿ ಆಳು ನುಗ್ಗುವ ತೂತು ಮಾಡಲು ಹೆಚ್ಚು ಹೊತ್ತು ಬೇಡ. ಸಿಮೆಂಟ್ ಬ್ಲಾಕಿನ ಗೋಡೆಗೆ ಕನಿಷ್ಠ ಸದ್ದಾದರೂ ಆಗುತ್ತದೆ.

ಗೋಡೆ ಬಿರಿಯುವುದು ಗೋಡೆಯೆಂಬ ಕಾರಣಕ್ಕಲ್ಲ, ಹಾಗೆ ಕಟ್ಟಿದ್ದರಿಂದ. ಬೀದರ್ ಪ್ರಸ್ಥಭೂಮಿಯ ಕೆಂಪು ಮುರುಮ್ ನೆಲದಲ್ಲಿ ಎರಡಡಿ ಬುನಾದಿ ಸಾಕಾಗುತ್ತದೆ. ಅಲ್ಲಿನ ಜಂಬಿಟ್ಟಿಗೆ ಕಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ, ದಪ್ಪವಿರುವುದರಿಂದ ಗಾಳಿಗೂ ಜಗ್ಗುವುದಿಲ್ಲ. ಎರಿ ನೆಲದಲ್ಲಿ ಮಾತ್ರ ಬೇರೆ ದಾರಿ. ಮೂರಡಿ ಅಗೆದು, ಒಂದೂವರೆ ಅಡಿ ಮುರುಮನ್ನು ಆರಿಂಚಿನ ಪದರ ಪದರವಾಗಿ ನೀರು ಬಿಟ್ಟು ಕುಟ್ಟಬೇಕು. ಒಂದೇ ಸಲ ಸುರಿದು ಮೇಲೆ ಎರಡು ಬಕೆಟ್ ನೀರು ಚೆಲ್ಲುವುದು ಕುಟ್ಟುವುದಲ್ಲ. ಅದರ ಮೇಲೆ ನಾಲ್ಕಿಂಚು ಬೆಡ್ ಕಾಂಕ್ರೀಟು, ಕಲ್ಲಿನ ಬುನಾದಿ, ನೆಲಮಟ್ಟದಲ್ಲಿ ಒಂಬತ್ತಿಂಚು ಅಗಲ, ಆರಿಂಚು ಎತ್ತರದ ಪ್ಲಿಂತ್ ಬೀಮ್ (ಗೋಡೆ ಹೊರುವ ಕಾಂಕ್ರೀಟಿನ ಪಟ್ಟಿ), ಅದರಲ್ಲಿ ನಾಲ್ಕು ರಾಡ್. ಕೈಯಲ್ಲಿ ದುಡ್ಡಿದ್ದರೆ ಇನ್ನೂ ಒಳ್ಳೆಯದು ಅಂಡರ್‌ರೀಮ್ಡ್ ಪೈಲ್: ಹತ್ತಡಿಗೊಂದು ಗುಂಡಿ, ಹನ್ನೆರಡು ಅಡಿ ಆಳ, ತಳದಲ್ಲಿ ಗಡಿಗೆಯ ಹೊಟ್ಟೆ. ಬೀಮಿನ ಕೆಳಗೆ ಮೂರಿಂಚು ಖಾಲಿ ಬಿಟ್ಟರೆ ಮಣ್ಣು ಉಬ್ಬಿದರೂ ಗೋಡೆಯನ್ನು ಮುಟ್ಟುವುದಿಲ್ಲ. ಕಾಂಪೌಂಡಿಗೆ ಇಷ್ಟು ಮಾಡುವವರು ಕಡಿಮೆ ಎಂಬುದು ಗೊತ್ತಿರುವ ಮಾತೇ.

ಗೋಡೆ ಆರಿಂಚಿನ ಸಾಲಿಡ್ ಬ್ಲಾಕಿನದಿರಲಿ. 128 ಅಡಿಗೆ ಐದಡಿ ಎತ್ತರವಾದರೆ 16×8 ಇಂಚಿನ ಬ್ಲಾಕು 720 ಬೇಕು, ಒಡೆದು ಹೋಗುವುದಕ್ಕೆ ಇನ್ನೊಂದು ನಲವತ್ತು. ಎಂಟು ಹತ್ತು ಅಡಿಗೊಂದು ಪಿಲ್ಲರ್, ರಾಡು ಬೀಮಿನಿಂದಲೇ ಎದ್ದು ಬಂದಿರಬೇಕು. ಇಪ್ಪತ್ತಡಿಗೊಮ್ಮೆ ಗೋಡೆಯನ್ನು ಪೂರ್ತಿ ಕಡಿದು ಅರ್ಧ ಇಂಚು ಸಂದು ಬಿಡಿ. ಗೌಂಡಿ ಅದನ್ನು ಪ್ಲಾಸ್ಟರಿನಲ್ಲಿ ಮುಚ್ಚಿ ನುಣ್ಣಗೆ ಮಾಡಿ ಹೋಗುತ್ತಾನೆ. ಎದುರು ನಿಂತು ಬಿಡಿಸಿ, ಇಲ್ಲವಾದರೆ ಗೋಡೆ ತನಗೆ ಬೇಕಾದಲ್ಲಿ ಸಂದು ಮಾಡಿಕೊಳ್ಳುತ್ತದೆ. ಸಿಮೆಂಟ್ ಬ್ಲಾಕನ್ನು ಇಟ್ಟಿಗೆಯಂತೆ ನೀರಲ್ಲಿ ನೆನೆಸಬೇಡಿ, ಮೈಗೆ ನೀರು ಚಿಮುಕಿಸಿದರೆ ಸಾಕು. ಬೇಸಿಗೆಯ ಕೆಲಸವಾದರೆ ಕ್ಯೂರಿಂಗ್ ಹತ್ತು ದಿನ, ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಾದರೆ ಹದಿನಾಲ್ಕು. ಆದಷ್ಟೂ ನವೆಂಬರ್‌ನಿಂದ ಫೆಬ್ರವರಿಯೊಳಗೆ ಮುಗಿಸಿ.

ಕಂಬ ನೆಟ್ಟು ನಡುವೆ ಸಿದ್ಧ ಕಾಂಕ್ರೀಟ್ ಹಲಗೆ ಇಳಿಸುವ ರೆಡಿಮೇಡ್ ಕಾಂಪೌಂಡಿನ ಪರ ವಾದಿಸುವ ಧೈರ್ಯ ಇಲ್ಲಿಲ್ಲ. ಎರಡು ದಿನದಲ್ಲಿ ನಿಲ್ಲುತ್ತದೆ, ನಿಜ. ಕಂಬದ ಗುಂಡಿ ಒಂದೂವರೆ ಅಡಿಗೆ ಮುಗಿಯುತ್ತದೆ. ಕಂಬ ಎರಡಿಂಚು ವಾಲಿದರೆ ಅದರ ಸೀಳಿನಲ್ಲಿ ಕೂತ ಹಲಗೆ ಜಾರಿ ಬೀಳುತ್ತದೆ. ಅದನ್ನು ಎದುರು ಪಕ್ಷದವರು ಹೇಳಲು ಮರೆತಿದ್ದಾರೆ, ಇರಲಿ.

ಗೇಟಿನ ವಿಷಯದಲ್ಲಿ ಮಾತ್ರ ಗಾಳಿಯ ವಾದಕ್ಕೆ ತಲೆಬಾಗಲೇಬೇಕು. ಗೋಡೆ ಎಷ್ಟೇ ಗಟ್ಟಿಯಿದ್ದರೂ ಹನ್ನೆರಡು ಅಡಿಯ ಪೂರ್ತಿ ಶೀಟಿನ ಗೇಟು ಗಾಳಿಗೆ ಬಾಗಿಲಲ್ಲ, ಸುತ್ತಿಗೆ. ತೆರೆದಿಟ್ಟ ಬಾಗಿಲು ಒಮ್ಮೆ ಬಡಿದರೆ ಮೇಲಿನ ಹಿಂಜ್ ಪಿಲ್ಲರಿನಿಂದ ಸಡಿಲಾಗುತ್ತದೆ, ಮುಂದಿನ ಮಳೆಗೆ ಬಾಗಿಲು ನೆಲ ಉಜ್ಜುತ್ತದೆ. ಗ್ರಿಲ್ ಹಾಕಿಸಿ, ಶೀಟು ಬೇಕೇಬೇಕೆಂದರೆ ಕೆಳಗಿನ ಎರಡಡಿಗೆ ಮಾತ್ರ. ಎರಡೂ ಬಾಗಿಲಿಗೆ ನೆಲಕ್ಕಿಳಿಯುವ ಬೋಲ್ಟು ಬೇಕು. ಮುಚ್ಚಿದ ಜಾಗದಲ್ಲೂ, ಪೂರ್ತಿ ತೆರೆದ ಜಾಗದಲ್ಲೂ ನೆಲದಲ್ಲಿ ಪೈಪಿನ ತುಂಡು ಹೂಳಿರಲಿ. ಗೋಡೆಯ ತಳದಲ್ಲಿ ಹತ್ತಡಿಗೊಂದು ಮೂರಿಂಚಿನ ಪೈಪು ಇಳಿಜಾರಾಗಿ ಹೊರಗೆ ಬಿಡಿ, ಬಾಯಿಗೆ ಜಾಲರಿ ಹಾಕಿ. ಅಂಗಳದ ನೀರು ಬುನಾದಿ ಪಕ್ಕ ನಿಂತರೆ ಮುರುಮ್ ಕುಟ್ಟಿದ್ದೆಲ್ಲ ವ್ಯರ್ಥ.