ಲಾಕ್ ಇಲ್ಲದ ಚಾಕು

ಇಂಗ್ಲೆಂಡಿನ ಶೆಫೀಲ್ಡಿಗೆ ಬಂದು 9 ವರ್ಷವಾಯಿತು. ಚಾಕು, ಕತ್ತರಿ, ಚಮಚಕ್ಕೇ ಹೆಸರಾದ ಊರು ಇದು. ಹ್ಯಾರಿ ಬ್ರಿಯರ್ಲಿ 1913ರಲ್ಲಿ ತುಕ್ಕು ಹಿಡಿಯದ ಉಕ್ಕು ತಯಾರಿಸಿದ್ದು ಇಲ್ಲೇ. ಇಂಥ ಊರಲ್ಲಿದ್ದೂ ಪಾರ್ಸೆಲ್ ಬಿಚ್ಚೋಕೆ ಬೀಗದ ಕೈಯಲ್ಲಿ ಟೇಪ್ ಕೆರೆಯುತ್ತಾ ಕೂರುವುದು ನನಗೇ ನಾಚಿಕೆ ಅನ್ನಿಸಿ, ಒಂದು ದಿನ ಮಡಚುವ ಚಾಕು ಕೊಂಡೆ. 18 ಪೌಂಡ್. ಈ ಊರಿನ ಲೆಕ್ಕದಲ್ಲಿ ಅಗ್ಗವೇ.

ಮನೆಗೆ ತಂದು ಬಿಚ್ಚಿದೆ. ಅಲಗಿನ ಬೆನ್ನನ್ನು ಬೆರಳಲ್ಲಿ ಒತ್ತಿದರೆ ಅದು ಹಾಗೇ ಮಡಚಿಕೊಂಡಿತು. ಬಿಚ್ಚಿದ ಅಲಗು ಮಡಚದಂತೆ ತಡೆಯುವ ಲಾಕೇ ಇಲ್ಲ! ಅಗ್ಗದ ಮಾಲು ತಲೆಗೆ ಕಟ್ಟಿದರು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಲಾಕ್ ಇಲ್ಲದಿರುವುದೇ ಅದರ ಗುಣ ಅಂತ. ಇಲ್ಲಿನ 1988ರ ಕಾಯ್ದೆ ಪ್ರಕಾರ, ಕಾರಣ ಹೇಳದೆ ಜೇಬಿನಲ್ಲಿಟ್ಟು ಓಡಾಡಬಹುದಾದ್ದು ಒಂದೇ ಥರದ ಚಾಕು. ಅದು ಮಡಚುವಂಥದ್ದಾಗಿರಬೇಕು, ಹರಿತದ ಅಂಚು 3 ಇಂಚು ಮೀರಬಾರದು. ಲಾಕ್ ಆಗುವ ಚಾಕು ಈ ಲೆಕ್ಕಕ್ಕೆ ಬರುವುದಿಲ್ಲ ಅಂತ 1993ರಲ್ಲಿ ಕೋರ್ಟೂ ಹೇಳಿತು. ಲಾಕ್ ಇರುವುದನ್ನು ಇಟ್ಟುಕೊಳ್ಳಬೇಕಾದರೆ ಕೆಲಸಕ್ಕೆ ಬೇಕು ಅಂತಲೋ ಏನೋ ಒಂದು ಸರಿಯಾದ ಕಾರಣ ಕೊಡಬೇಕು. ಇನ್ನು ಯಾರಿಗಾದರೂ ತೋರಿಸಿ ಹೆದರಿಸಬೇಕು ಅನ್ನುವ ಉದ್ದೇಶ ಇದ್ದರೆ 2 ಇಂಚಿನದೂ ಅಪರಾಧವೇ.

ನಮ್ಮಲ್ಲಿ ಆಯುಧ ಕಾನೂನಿನ ಪಟ್ಟಿಯಲ್ಲಿ ಬರುವುದು 9 ಇಂಚಿಗಿಂತ ಉದ್ದದ, ಇಲ್ಲವೇ 2 ಇಂಚಿಗಿಂತ ಅಗಲದ ಚಾಕು. ಅದರಲ್ಲೂ ಮನೆಗೆಲಸದ್ದು, ಬೇಸಾಯದ್ದು ಹೊರತು. ಮಚ್ಚು, ಕುಡುಗೋಲು ಹಿಡಿದು ತೋಟಕ್ಕೆ ಹೋಗುವವರ ನಾಡಿಗೆ ಈ 3 ಇಂಚಿನ ಲೆಕ್ಕ ತಮಾಷೆಯಾಗಿ ಕಾಣಬಹುದು. ಆದರೆ ನೋಡಿ, ತೋಟಕ್ಕೆ ಮಚ್ಚು ಒಯ್ಯುವ ನಮ್ಮವರು ಜೇಬಿನಲ್ಲಿ ಚಾಕು ಇಟ್ಟುಕೊಳ್ಳುವುದು ಕಮ್ಮಿ. ಇಟ್ಟುಕೊಂಡವನನ್ನು ‘ಏನಪ್ಪಾ ಇವನು’ ಅಂತ ನೋಡುತ್ತೇವೆ. ಇಲ್ಲಿ ತಿರುಗುಮುರುಗು. ವಯಸ್ಸಾದವರ ಜೇಬಿನಲ್ಲಿ ಕರ್ಚೀಫಿನ ಜೊತೆ ಒಂದು ಸಣ್ಣ ಚಾಕು ಇದ್ದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಅದೇ ಚಾಕು ಹುಡುಗನ ಕೈಯಲ್ಲಿದ್ದರೆ ಕಣ್ಣು ಅಲ್ಲೇ ಹೋಗುತ್ತದೆ.

ಲಾಕ್ ಇಲ್ಲದೆ ಬೆರಳು ಕತ್ತರಿಸಿಕೊಳ್ಳೋದಿಲ್ವಾ? ಮೊದಲ ವಾರ ನನಗೂ ಇದೇ ಭಯ. ಭಯ ಹೋಗಿದ್ದು ಅಮ್ಮನ ಈಳಿಗೆಮಣೆ ನೆನಪಾದಾಗ. ಈಳಿಗೆಯಲ್ಲಿ ಅಲಗು ನಿಂತಲ್ಲೇ ಇರುತ್ತದೆ, ಕಾಯಿ ಅದರ ಬಾಯಿಗೆ ಬರುತ್ತದೆ. ಬಲವೆಲ್ಲ ಬೀಳುವುದು ಹರಿತದ ಕಡೆಯೇ. ಈಳಿಗೆಯಲ್ಲಿ ಯಾರಾದರೂ ಚುಚ್ಚುತ್ತಾರಾ? ಈ ಚಾಕುವಿನದೂ ಅದೇ ನ್ಯಾಯ. ಹರಿತದ ಮೇಲೆ ಬೀಳುವ ಬಲ ಅಲಗನ್ನು ಇನ್ನಷ್ಟು ಬಿಚ್ಚುವ ಕಡೆಗೇ ತಳ್ಳುತ್ತದೆ, ಮಡಚುವ ಕಡೆಗಲ್ಲ. ಮಡಚಿಕೊಳ್ಳುವುದು ತುದಿಯಿಂದ ಚುಚ್ಚಲು ಹೋದಾಗ, ಇಲ್ಲವೇ ಬೆನ್ನಿನ ಮೇಲೆ ಒತ್ತಿದಾಗ. ಎರಡೂ ಚಾಕುವಿನ ಕೆಲಸವಲ್ಲ. ಡಬ್ಬಿ ಮುಚ್ಚಳ ಮೀಟೋಕೆ ಹೋಗಿ ಬೆರಳು ಕೊಯ್ದುಕೊಂಡವರು ಚಾಕುವನ್ನು ಬೈಯಬಾರದು.

ಹಾಗಾಗಿ ಅಗ್ಗದ ಚಾಕು ಕೊಳ್ಳುವವರು ಉಕ್ಕಿನ ನಂಬರ್ ಬಾಯಿಪಾಠ ಮಾಡುವ ಬದಲು ಹಿಡಿಯ ಬೆನ್ನಿನಲ್ಲಿರುವ ಸ್ಪ್ರಿಂಗ್ ನೋಡಬೇಕು ಅನ್ನೋದು ನನ್ನ ಅನಿಸಿಕೆ. ಲಾಕ್ ಇಲ್ಲದ ಚಾಕುವಿನಲ್ಲಿ ಬಿಚ್ಚಿದ ಅಲಗನ್ನು ಬಿಗಿಯಾಗಿ ಹಿಡಿದಿಡುವುದು ಅದೊಂದೇ. ಆ ಸ್ಪ್ರಿಂಗಿನ ಜೊತೆ ಅಲಗು ಆಡುವ ರೀತಿಗೆ ಇಲ್ಲಿನ ಚಾಕುಪ್ರಿಯರು ‘ವಾಕ್ ಆ್ಯಂಡ್ ಟಾಕ್’ ಅನ್ನುತ್ತಾರೆ. ನಮ್ಮ ‘ನಡೆ-ನುಡಿ’ ಇದಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ ಅಲ್ವಾ! ಅಲಗು ಒಂದೇ ಬಿಗುವಿನಲ್ಲಿ ತಿರುಗಿ ಬರುವುದು ನಡೆ. ಪೂರ್ತಿ ಬಿಚ್ಚಿದಾಗ ಬರುವ ಟಕ್ ಅನ್ನುವ ಸದ್ದು ನುಡಿ. ನನ್ನದರ ನುಡಿ ಜೋರಾಗಿದೆ, ನಡೆಯಲ್ಲಿ ಮಾತ್ರ ಮಧ್ಯೆ ಒಂದು ಕಡೆ ಮರಳು ಸಿಕ್ಕಿದ ಹಾಗೆ ಕರಕರ. ತಿರುಗುವ ಜಾಗಕ್ಕೆ ಒಂದು ಹನಿ ಎಣ್ಣೆ ಬಿಟ್ಟು, ಟಿವಿ ನೋಡುತ್ತಾ ಇನ್ನೂರು ಸಲ ಬಿಚ್ಚಿ ಮಡಚಿದ ಮೇಲೆ ಮುಕ್ಕಾಲುಪಾಲು ಹೋಯಿತು. ಹೆಂಡತಿಯ ತಾಳ್ಮೆಯೂ ಹೋಯಿತು, ಅದು ಬೇರೆ ಮಾತು.

ಬಿಚ್ಚಿದ ಚಾಕುವನ್ನು ಕಿಟಕಿಗೆ ಅಡ್ಡ ಹಿಡಿದು ಸ್ಪ್ರಿಂಗ್ ಮತ್ತು ಹಿಡಿಯ ನಡುವೆ ನೋಡಿ. ಕೂದಲೆಳೆಯಷ್ಟು ಬೆಳಕು ಕಂಡರೆ ಪರವಾಗಿಲ್ಲ, ಈ ಬೆಲೆಗೆ ಅದು ಮಾಮೂಲು. ಅಲಗನ್ನು ಎಡಬಲ ಅಲ್ಲಾಡಿಸಿದಾಗ ಕದಲಿದರೆ ಮಾತ್ರ ವಾಪಸ್ ಕೊಡಿ. ಉಗುರು ಹಾಕಿ ಎಳೆಯುವ ಗೀರು ಆಳವಾಗಿರಬೇಕು. ನನ್ನದರಲ್ಲಿ ಅದು ತೆಳು. ಸ್ಪ್ರಿಂಗ್ ಗಟ್ಟಿ, ಗೀರು ತೆಳು, ಚಳಿಗಾಲದಲ್ಲಿ ಉಗುರು ಕಿತ್ತು ಬಂದ ಹಾಗಾಗುತ್ತದೆ.

ಅಲಗಿನ ಆಕಾರ ಈ ಊರಿನ ಹಳೆಯ ಲ್ಯಾಂಬ್‌ಫುಟ್. ಹರಿತದ ಅಂಚು ನೇರ ಗೆರೆ, ಬೆನ್ನು ತುದಿಯಲ್ಲಿ ಇಳಿಜಾರು. ನೋಡೋಕೆ ಚೆಲುವೇನಿಲ್ಲ. ಆದರೆ ನೇರವಾಗಿರುವುದರಿಂದ ಸಾಣೆಕಲ್ಲಿನ ಮೇಲೆ ಇಡೀ ಅಂಚು ಒಟ್ಟಿಗೆ ಕೂರುತ್ತದೆ. ಸಾಣೆ ಹಿಡಿದು ಅಭ್ಯಾಸವಿಲ್ಲದ ನನ್ನಂಥವನೂ ಹತ್ತು ನಿಮಿಷದಲ್ಲಿ ಪೇಪರ್ ಸೀಳುವಷ್ಟು ಹದ ತರಬಹುದು. ಉಕ್ಕು ಕಾರ್ಬನ್ನಿನದು. ಒದ್ದೆ ಒರೆಸದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕೆಂಪು ಚುಕ್ಕೆ. ಸೇಬು ಹೆಚ್ಚಿ ಹೆಚ್ಚಿ ಅಲಗು ಈಗ ನೀಲಿ ಬೆರೆತ ಬೂದು ಬಣ್ಣಕ್ಕೆ ತಿರುಗಿದೆ. ಊರಿನ ಈಳಿಗೆಯದೂ ಇದೇ ಬಣ್ಣ.

ಹೋದ ತಿಂಗಳು ಪಕ್ಕದ ಮನೆಯ ಅಜ್ಜನಿಗೆ ನನ್ನ ಚಾಕು ಬಹಳ ಹಿಡಿಸಿಬಿಟ್ಟಿತು. ಇಟ್ಟುಕೊಳ್ಳಿ ಅಂದೆ. ಚಾಕು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತೆ ಅಂತ ಬೆಳೆದವನು ನಾನು, ಮೇಜಿನ ಮೇಲೆ ಇಟ್ಟೆ. ಅವರು ಚಾಕು ಮುಟ್ಟಲಿಲ್ಲ, ಜೇಬು ತಡಕಾಡತೊಡಗಿದರು. ಚಾಕುವನ್ನು ಸುಮ್ನೆ ತೆಗೆದುಕೊಂಡರೆ ಸ್ನೇಹ ಕಡಿದುಹೋಗುತ್ತೆ, ಒಂದು ಪೆನ್ನಿಯನ್ನಾದರೂ ಕೊಡಬೇಕು ಅನ್ನೋದು ಇವರ ನಂಬಿಕೆ. ಎಷ್ಟು ಹುಡುಕಿದರೂ ಚಿಲ್ಲರೆ ಸಿಗಲಿಲ್ಲ. ಚಾಕು ಮೇಜಿನ ಮೇಲೇ ಬಿಟ್ಟು ಹೋದವರು ಮಾರನೇ ದಿನ ಬೆಳಿಗ್ಗೆ ಒಂದು ಪೆನ್ನಿ ಹಿಡಿದುಕೊಂಡು ಬಂದು ಬೆಲ್ ಒತ್ತಿದರು.

ಅದೇ ಮಾದರಿಯ ಇನ್ನೊಂದನ್ನು ತಂದಿದ್ದೇನೆ. ಈ ಸಲ ಗೀರು ಆಳವಾಗಿದೆ. ಅಲಗು ಮಾತ್ರ ಮಡಚಿದಾಗ ಸ್ವಲ್ಪ ಎಡಕ್ಕೆ ವಾಲುತ್ತದೆ.